ಒದ್ದೆ ಬಟ್ಟೆಯ ಕೆಳಗಿನ ಮುಖಗಳು

ವೈದ್ಯಕೀಯ ಕಾಲೇಜಿಗೆ ಜೇಡಿಮಣ್ಣಿನ ಮಾದರಿಗಳನ್ನು ಮಾಡಿಕೊಡುವ ಅಕ್ಕನ ಕೋಣೆಗೆ ತಂಗಿ ಕೂಸನ್ನೆತ್ತಿಕೊಂಡು ಬಂದಾಗ ಅವಳ ಮುಖ ಕೆಂಡವಾಗಿತ್ತು. ಹಿಂದೆಯೇ ಏದುಸಿರು ಬಿಡುತ್ತ ಅವಳ ಅತ್ತೆ. ಕೂಸಿನ ಮುಖದ ಮೇಲೆ ಬಿಳಿ ಬಟ್ಟೆ.

ಬಾಗಿಲಲ್ಲಿ ತಂಗಿಯನ್ನು ಕಂಡೊಡನೆ ಅಕ್ಕ ಮೇಜಿನ ಮೇಲಿನ ಮಾದರಿಗಳಿಗೆ ಒದ್ದೆ ಬಟ್ಟೆ ಎಳೆದುಬಿಟ್ಟಳು. ಮಣ್ಣು ಒಣಗಿ ಬಿರಿಯದಿರಲೆಂದು ದಿನವೂ ಹೊದಿಸುವ ಬಟ್ಟೆ. ಇಂದು ಹೊದಿಸಿದ್ದು ಅದಕ್ಕಲ್ಲ. ಗರ್ಭದಲ್ಲಿ ಮುಖ ಮೂಡುವ ಬಗೆಯನ್ನು ತೋರಿಸುವ ಸಾಲು ಅದು. ತುಟಿ ಸೀಳಿ ಹುಟ್ಟಿದ ಕೂಸಿನ ತಾಯಿ ನೋಡುವುದು ಬೇಡವೆಂದು.

"ತುಟಿ ಹೊಲಿಯೋ ಡಾಕ್ಟರು ಇವತ್ತು ಬಾ ಅಂದಿದಾರೆ ಅಕ್ಕ. ಇವರು ನೋಡಿದ್ರೆ ಹಗಲಲ್ಲಿ ಬೀದಿಗೆ ತರಬೇಡ ಅಂತಾರೆ. ತಂದ್ರೂ ಮುಖ ಮುಚ್ಕೋ ಅಂತಾರೆ. ಮೊದಲೇ ಹಾಲು ಕುಡಿಯಕ್ಕೆ ಒದ್ದಾಡೋ ಮಗು, ಉಸಿರೂ ಬೇಡ್ವಾ?"

"ನಾಲ್ಕು ಜನ ನೋಡಿ ಆಡ್ಕೊಳ್ಳೋದು ಬೇಡ ಅಂದೆ, ತಪ್ಪಾ?" ಅತ್ತೆ ಸ್ಟೂಲಿನ ಮೇಲೆ ಕುಸಿದರು. "ಬಸುರಿ ಹೆಂಗಸನ್ನ ಈ ಅರೆಬರೆ ಮುಖಗಳ ಮುಂದೆ ಕೂರಿಸ್ಕೊಂಡು ಹರಟೆ ಹೊಡೆದಿದ್ದು ಯಾರು? ಕಣ್ಣಲ್ಲಿ ಕಂಡಿದ್ದೇ ಹೊಟ್ಟೆಗಿಳೀತು. ಅದನ್ನ ಕೇಳೋಣ ಅಂತಲೇ ಬಂದಿದ್ದು."

ಅಕ್ಕ ಕೈಯಲ್ಲಿದ್ದ ಮಣ್ಣನ್ನು ಹಲಗೆಗೆ ಬಡಿದಳು. "ಅಮ್ಮಾ, ತುಟಿ ಕೂಡೋದು ಎರಡನೇ ತಿಂಗಳು ತುಂಬೋದ್ರೊಳಗೆ. ಇವಳು ಇಲ್ಲಿ ಬಂದು ಕೂತಿದ್ದು ಹೊಟ್ಟೆ ಕಂಡಮೇಲೆ. ಮುಗಿದ ಕೆಲಸಾನ ನನ್ನ ಮಣ್ಣು ಹೇಗೆ ಕೆಡಿಸತ್ತೆ?"

"ಹಾಗಾದ್ರೆ ತಪ್ಪು ಯಾರದು?"

"ಯಾರದೂ ಅಲ್ಲ."

"ಯಾರದೂ ಅಲ್ಲವಂತೆ. ಗಾಳೀಲಿ ಆಯ್ತೇನೋ."

ಬೊಟ್ಟು ಮಾಡಲು ಒಬ್ಬರೂ ಸಿಗದೆ ಅತ್ತೆಯ ಸಿಟ್ಟು ಇನ್ನೂ ಏರಿತು. ತಂಗಿಯ ಕಣ್ಣು ಮಾತ್ರ ಮೇಜಿನ ಮೇಲೇ ಇತ್ತು.

"ಅದ್ಯಾಕೆ ಮುಚ್ಚಿದೆ?"

"ಮಣ್ಣು ಒಣಗತ್ತೆ ಕಣೇ."

"ಸುಳ್ಳು. ನನ್ನ ನೋಡಿ ಮುಚ್ಚಿದೆ. ಅವರು ನನ್ನ ಮಗಳನ್ನ ಮುಚ್ಚಿದ್ರು, ನೀನು ಇವನ್ನ. ನಿಮ್ಮಿಬ್ಬರಿಗೂ ಏನು ವ್ಯತ್ಯಾಸ?"

ತಂಗಿ ಬಟ್ಟೆಯನ್ನು ಕಿತ್ತೆಸೆದಳು.

ಮೊದಲನೆಯದರಲ್ಲಿ ಮುಖವೆಂಬುದೇ ಇಲ್ಲ. ಬಾಗಿದ ತಲೆ, ಕೆಳಗೊಂದು ಬಾಯಿಯ ಗುಳಿ. ಮುಂದಿನದರಲ್ಲಿ ಕಣ್ಣುಗಳು ಮೀನಿನಂತೆ ಪಕ್ಕಕ್ಕೆ, ಮೂಗು ದೂರದೂರದ ಎರಡು ಕುಳಿ. ಆಮೇಲೆ ಕಣ್ಣು ಮುಂದಕ್ಕೆ ಸರಿಯುತ್ತ, ಕುಳಿ ಕುಳಿಯನ್ನು ಅರಸುತ್ತ, ಎರಡು ಕೆನ್ನೆಯ ಕಡೆಯಿಂದ ಎರಡು ದಿಬ್ಬ ನಡುವಿಗೆ ನಡೆದು ಬರುತ್ತವೆ. ಗರ್ಭದ ಕತ್ತಲಲ್ಲಿ ಕೂತು ಮುಖ ತಿದ್ದುವವನಿಗೆ ದೀಪವೂ ಬೇಡ, ಕನ್ನಡಿಯೂ ಬೇಡ. ಮೂಗಿನ ಕೆಳಗೆ ಎಲ್ಲ ಒಂದಾಗುವುದು ಕೊನೆಯದರಲ್ಲಿ ಮಾತ್ರ. ಅಲ್ಲಿಯವರೆಗೆ ಪ್ರತಿಯೊಂದರ ತುಟಿಯೂ ತೆರೆದೇ ಇತ್ತು.

"ಇದು ಯಾರ ಮುಖ?" ತಂಗಿ ಕೇಳಿದಳು.

"ಎಲ್ಲರದೂ. ನಂದು, ನಿಂದು, ಇವರದು. ನಿನ್ನ ಮಗಳದು ಎಡಗಡೆ ದಿಬ್ಬ ಬಂದು ಮುಟ್ಟಲಿಲ್ಲ, ಅಷ್ಟೆ. ಅದನ್ನ ಡಾಕ್ಟರು ಮುಟ್ಟಿಸ್ತಾರೆ."

"ನಂದೂ ಹೀಗಿತ್ತಂತೆ," ಅತ್ತೆ ಮುಖ ಸಿಂಡರಿಸಿದರು.

"ಇತ್ತು," ಎಂದಳು ತಂಗಿ. "ನಿಮ್ಮ ತುಟಿ ಕೂಡ್ತು, ಅತ್ತೆ. ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ."

ಕೂಸಿನ ಮುಖದ ಬಟ್ಟೆ ತೆಗೆದು, ಆ ಬಟ್ಟೆಯನ್ನು ಅತ್ತೆಯ ಮಡಿಲಿಗಿಟ್ಟು ತಂಗಿ ಕೂಸಿನೊಡನೆ ಹೊರಟಳು. ಅಕ್ಕ ಮಣ್ಣಿನ ಕೈಯಲ್ಲೇ ಹಿಂದೆ ಓಡಿದಳು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ತಾನು ಬರುವಷ್ಟರಲ್ಲಿ ಮಾದರಿಗಳೆಲ್ಲ ಬಿರಿದಿರುತ್ತವೆ. ಬಿರಿಯಲಿ.

ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳು ಬಗ್ಗಿ ನೋಡಿ ಲೊಚಗುಟ್ಟಿದಳು. "ಅಯ್ಯೋ, ಏನಾಯ್ತಮ್ಮಾ ಮಗೂಗೆ?"

"ಏನೂ ಆಗಿಲ್ಲ," ಎಂದಳು ತಂಗಿ. "ಬಸ್ಸು ಬಂತು, ಸರೀರಿ."