ಚಲುವಮ್ಮನ ಹರಕೆ ಮತ್ತು ಆಕಾಶದ ಇಂಜಿನ್ನು

ಚಲುವಮ್ಮ ಮುದ್ದೆ ಮುಟ್ಟಿ ಮೂರು ದಿನವಾಗಿತ್ತು. ಬರೀ ನೀರುಮಜ್ಜಿಗೆ. ಅವಳ ಹಟ ಗಂಡ ಹೊನ್ನಯ್ಯನಿಗೆ ಹೊಸದಲ್ಲ. ಆದರೆ ಇವತ್ತು ಬೆಳಿಗ್ಗೆ ಕೊಟ್ಟಿಗೆ ಗುಡಿಸುತ್ತಿದ್ದವಳು ಗೋಡೆ ಹಿಡಿದು ಕುಸಿದು ಕೂತಾಗ ಅವನೇ ಪೊರಕೆ ಕಿತ್ತುಕೊಂಡು ಅವಳನ್ನು ಒಳಗೆ ಮಲಗಿಸಿದ್ದ.

ಕಾರಣ ಮಗ ಸಿದ್ದರಾಮು. ಬೆಂಗಳೂರಿನಲ್ಲಿ ಉಪಗ್ರಹಕ್ಕೆ ಪುಟ್ಟ ಇಂಜಿನ್ನು ಮಾಡುವವರ ಜೊತೆ ಅವನಿಗೆ ಕೆಲಸ. ಹಂಡೆಯಷ್ಟಿದ್ದ ಆ ಉಪಗ್ರಹ ಆಗಲೇ ಮೇಲೆ ಸುತ್ತುತ್ತಿತ್ತು. ಕೆಳಗಿನ ಸುತ್ತಿನಿಂದ ಅದನ್ನು ಇನ್ನೂ ಎತ್ತರದ ಸುತ್ತಿಗೆ ಹತ್ತಿಸಬೇಕಿತ್ತು. “ಶುಕ್ರವಾರ ಇಂಜಿನ್ನು ಶುರು ಮಾಡ್ತೀವಿ ಕಣವ್ವ” ಎಂದು ಹೇಳಿ ಹೋಗಿದ್ದ. ಚಲುವಮ್ಮ ಊರದೇವತೆ ಪಟ್ಟಲದಮ್ಮನಿಗೆ ಹರಕೆ ಕಟ್ಟಿಕೊಂಡಳು: ಮಗನ ಇಂಜಿನ್ನು ಓಡುವಷ್ಟು ಕಾಲ ಮುದ್ದೆ ಮುಟ್ಟುವುದಿಲ್ಲ.

“ವರ್ಷಗಟ್ಟಲೆ ಓಡಿದ್ರೆ?” ಎಂದು ಹೊನ್ನಯ್ಯ ಕೇಳಿದ್ದ.

“ಓಡ್ಲಿ. ನಿಂತ್ರೆ ಬಿದ್ದೋಗಕಿಲ್ವಾ?”

ಅವತ್ತೇ, ಸೋಮವಾರ ಮಧ್ಯಾಹ್ನ, ಸಿದ್ದರಾಮು ಮದ್ದೂರಿನ ಬಸ್ಸಿಳಿದು ಓಡಿಬಂದ. “ಹತ್ತ್‌ಬುಡ್ತು ಕಣಪ್ಪ! ಮೇಲಿನ ಸುತ್ತಿಗೆ ಸೇರ್ತು!”

“ಅದಿರ್ಲಿ ಕಣ್ಲಾ. ನಿನ್ನ ಇಂಜಿನ್ನು ಯಾವಾಗ ನಿಲ್ತದೆ? ಅಲ್ಲೀಗಂಟ ನಿಮ್ಮವ್ವ ಉಣ್ಣಕಿಲ್ವಂತೆ.”

ಮಗ ಬಾಯಿ ಬಿಟ್ಟ. “ಅದು ಶುಕ್ರವಾರವೇ ನಿಂತೋಯ್ತಲ್ಲಪ್ಪ! ಕೆಳಗಿನ ಸುತ್ತಲ್ಲೊಂದು ನೂಕು, ಏರಿದ್ಮೇಲೆ ಅಲ್ಲೊಂದು ನೂಕು. ಒಂದೊಂದೂ ಎಲೆಅಡಿಕೆ ಮಡಿಸೋ ಅಷ್ಟೊತ್ತು.”

“ಅಲ್ಲಿ ಇನ್ನೊಂದ್ಯಾಕೆ?”

“ಇಲ್ದಿದ್ರೆ ಏರಿದ್ದು ತಿರುಗಿ ಹಳೇ ಜಾಗಕ್ಕೇ ಇಳೀತದೆ.”

ಒಳಗಿಂದ ಚಲುವಮ್ಮ ಗದರಿದಳು. “ನನ್ಗೆ ಉಣ್ಸಕೆ ಸುಳ್ಳೇಳ್ತೀಯೇನ್ಲಾ? ನಿಂತಿದ್ರೆ ಬೀಳ್ತಿರ್ನಿಲ್ವಾ?”

“ಬೀಳ್ತಾನೇ ಅದೆ ಕಣವ್ವ.”

ಸಿದ್ದರಾಮು ಅಂಗಳದಿಂದ ಕಲ್ಲೊಂದನ್ನು ಎತ್ತಿಕೊಂಡ.

“ಹಕ್ಕಿ ಓಡ್ಸೋ ಕವಣೆ ಕಲ್ಲು ಹೊಲ ದಾಟಿ ಬೀಳ್ತದೆ. ಇನ್ನೂ ಜೋರಾಗಿ ಬೀಸಿದ್ರೆ ಮದ್ದೂರು. ಇನ್ನೂ ಜೋರಾದ್ರೆ ಮಳವಳ್ಳಿ. ಅದಕ್ಕೂ ಜೋರಾದ್ರೆ? ಭೂಮಿ ಗುಂಡಗದೆ, ನೆಲ ಬಗ್ಗಿ ಬಗ್ಗಿ ಓಯ್ತಾ ಇರ್ತದೆ. ಕಲ್ಲು ಬೀಳ್ತಾನೇ ಇರ್ತದೆ, ನೆಲ ಸಿಕ್ಕಕಿಲ್ಲ. ನಮ್ಮ ಉಪಗ್ರಹನೂ ಅಂಗೇಯ.”

“ಈಗ ಯಾರು ನೂಕ್ತಾವ್ರೆ ಅದ್ನ?” ಎಂದ ಹೊನ್ನಯ್ಯ.

“ಯಾರೂ ಇಲ್ಲ. ಅಲ್ಲಿ ತಡೆಯಕೆ ಗಾಳೀನೂ ಇಲ್ದಂಗೇ ಅದೆ.”

ಚಲುವಮ್ಮ ಹೊಸ್ತಿಲಿಗೆ ಬಂದು ಆಕಾಶವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಮುಗಿದಳು. ದೇವಿಗೋ ಆ ಹಂಡೆಗೋ ತಿಳಿಯಲಿಲ್ಲ. “ಅಂಗಾರೆ ಹರಕೆ ಶುಕ್ರವಾರವೇ ತೀರೋಯ್ತು! ಸುಮ್ನೆ ಹೊಟ್ಟೆ ಒಣಗಿಸ್ಕಂಡೆ. ಎಸರಿಡಿ, ನನ್ ಕೈಲಾಗಕಿಲ್ಲ.”

ಹೊನ್ನಯ್ಯನೇ ಮುದ್ದೆ ತೊಳಸಿದ. ಸೊಪ್ಪಿನ ಸಾರಿನಲ್ಲಿ ಅವಳು ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು. ಅವನ ತಟ್ಟೆ ಹಾಗೇ ಇತ್ತು. ಗಾಡಿಯಾಗಲಿ ಗಾಣವಾಗಲಿ, ಕೈ ಬಿಟ್ಟರೆ ನಿಲ್ಲುವುದನ್ನೇ ಅವನು ಹುಟ್ಟಿದಾಗಿನಿಂದ ಕಂಡದ್ದು.

“ಈಗ ಎಲ್ಲದೆಯೋ ಅದು?”

“ಒಂದ್ಕಡೆ ಇರಕಿಲ್ಲ ಕಣಪ್ಪ. ನೀನು ಉಂಡು ಕೈ ತೊಳೆಯೋದ್ರಲ್ಲಿ ಅರ್ಧ ಭೂಮಿ ಸುತ್ತಿರ್ತದೆ.”

ಹೊನ್ನಯ್ಯ ತುತ್ತು ಕೈಯಲ್ಲೇ ಹಿಡಿದು ಅಂಗಳಕ್ಕೆ ಎದ್ದು ಹೋಗಿ ಮೇಲೆ ನೋಡುತ್ತ ನಿಂತ.

“ಈಗ ನಿಮ್ದೇನು ಹರಕೆ?” ಎಂದಳು ಚಲುವಮ್ಮ, ಬಾಯಿ ತುಂಬ ಮುದ್ದೆ ಇಟ್ಟುಕೊಂಡು.