ಪಂಪು ಬಡಿಯುವ ತನಕ

ತೊರೆಯ ದಂಡೆಯ ಆ ಪಂಪಿಗೆ ಕರೆಂಟೂ ಬೇಡ, ಎಣ್ಣೆಯೂ ಬೇಡ. ಎತ್ತರದಿಂದ ಕೊಳವೆಯಲ್ಲಿ ಓಡಿಬರುವ ನೀರು ತನ್ನ ರಭಸಕ್ಕೆ ತಾನೇ ಪಂಪಿನೊಳಗಿನ ಕವಾಟದ ಬಾಗಿಲು ಬಡಿದುಕೊಳ್ಳುತ್ತದೆ. ಆ ಹೊಡೆತಕ್ಕೆ ಒಂದಿಷ್ಟು ನೀರು ಗಾಳಿ ತುಂಬಿದ ಕಬ್ಬಿಣದ ಹಂಡೆಗೆ ನುಗ್ಗುತ್ತದೆ. ಅದುಮಿದ ಗಾಳಿ ಅದನ್ನು ಗುಡ್ಡದ ಮೇಲಿನ ಮನೆಗೆ ದಬ್ಬುತ್ತದೆ. ಒಂದು ಕೊಡ ಮೇಲೇರಬೇಕಾದರೆ ಹತ್ತು ಕೊಡ ಕೆಳಗೆ ಚೆಲ್ಲಿಹೋಗಬೇಕು. ಟಕ್, ಟಕ್, ಟಕ್, ಬಿಡುವಿಲ್ಲದೆ.

ಪಂಪಿನ ಪಕ್ಕದ ಕೋಣೆಯಲ್ಲಿದ್ದವಳಿಗೆ ಮನೆಯವರು ಟಕ್ಕಮ್ಮ ಎಂದೇ ಹೆಸರಿಟ್ಟಿದ್ದರು. ಗಂಡ ಸತ್ತ ಮೇಲೆ ಅಕ್ಕನ ಆಸರೆಗೆ ಬಂದವಳು. ಪಂಪು ನೋಡಿಕೊಂಡಿರು, ಅದು ಬಡಿಯುವ ತನಕ ಕೋಣೆ ನಿನ್ನದು ಎಂದು ಭಾವ ನೆಂಟರೆಲ್ಲರ ಎದುರು ಮಾತು ಕೊಟ್ಟಿದ್ದ. ಬೇರೆ ಸೂರು ಅವಳಿಗಿರಲಿಲ್ಲ.

ಒಂದು ಬೆಳಗ್ಗೆ ಭಾವ ಅಪರೂಪಕ್ಕೆ ನಗುನಗುತ್ತ ಇಳಿದು ಬಂದ, ಹಿಂದೆ ಅಕ್ಕ.

“ಏನಮ್ಮಾ ಟಕ್ಕಮ್ಮ, ಹಂಡೆ ಬುಡದ ತೂತಲ್ಲಿ ನೀರು ಚಿಮ್ತಾ ಇದೆ. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯ್ತೀನಿ ಅಂತಿದ್ದೆ?”

“ಅದು ಮೊದಲಿಂದ ಹಾಗೇ ಇದೆ, ಭಾವ.”

“ಮುಚ್ಚಿಬಿಡು. ನೀಟಾಗಿರಲಿ.”

“ಹೇಳಿದಷ್ಟು ಮಾಡೇ,” ಅಂದಳು ಅಕ್ಕ. “ಎದುರು ಮಾತು ಯಾಕೆ?”

ಟಕ್ಕಮ್ಮ ಮರದ ಬೆಣೆ ಕೆತ್ತಿ ಬಡಿದಳು, ಮೇಲೆ ಡಾಂಬರು ಮೆತ್ತಿದಳು. ಭಾವ ಮೆಚ್ಚಿಯಾನು ಅನ್ನಿಸಿ ಹಂಡೆಯನ್ನು ಬಟ್ಟೆಯಿಂದ ಒರೆಸಿದಳು ಕೂಡ.

ದಿನ ಕಳೆದಂತೆ ಟಕ್ ಹೋಗಿ ಢಣ್ ಆಯಿತು. ಕೊಳವೆ ನಡುಗತೊಡಗಿತು. ಅವಳು ಕಸ ತೆಗೆದಳು, ಕೈಯಿಂದ ಒತ್ತಿ ಹಿಡಿದಳು, ಬೇಡಿಕೊಂಡಳು. ಒಂದು ಮಧ್ಯಾಹ್ನ ಹಂಡೆ ಸೀಳಿತು.

ರಿಪೇರಿಯವನು ಬೆಣೆ ನೋಡಿ ತಲೆ ಚಚ್ಚಿಕೊಂಡ. “ಕೂರಿಸುವಾಗಲೇ ನಿಮಗೆ ಹೇಳಿರ್ಲಿಲ್ವಾ ಸಾರ್? ಈ ತೂತೇ ಇದರ ಮೂಗು. ಏಟಿಗೊಂದು ಗುಟುಕು ಗಾಳಿ ಎಳ್ಕೋಬೇಕು. ಇಲ್ದಿದ್ರೆ ಒಳಗಿನ ಗಾಳೀನ ನೀರು ತಿಂದುಬಿಡುತ್ತೆ, ಏಟೆಲ್ಲ ಕಬ್ಬಿಣಕ್ಕೇ ಬೀಳುತ್ತೆ.”

“ನಂಗೊತ್ತಿಲ್ವೇನಯ್ಯಾ? ಇವಳೇ ಮೂಗು ಮುಚ್ಚಿ ಸಾಯಿಸಿದ್ದು,” ಅಂದ ಭಾವ.

“ಹೋಗ್ಲಿ ಬಿಡಿ. ಹೋದ ತಿಂಗಳು ನೀವು ಹೇಳಿದ್ದ ಕರೆಂಟ್ ಮೋಟಾರು ಗಾಡೀಲೇ ಇದೆ, ಇಳಿಸ್ಲಾ?”

ಹೋದ ತಿಂಗಳು ಪಂಪು ಚೆನ್ನಾಗಿಯೇ ಬಡಿಯುತ್ತಿತ್ತು. ಟಕ್ಕಮ್ಮ ಅಕ್ಕನ ಕಡೆ ತಿರುಗಿದಳು. “ಅಕ್ಕಾ, ನೀನೂ ಇದ್ದೆಯಲ್ಲ. ಮುಚ್ಚು ಅಂದಿದ್ದು ಭಾವ ತಾನೇ?”

ಅಕ್ಕ ಉಗುರಿನ ಮಣ್ಣು ತೆಗೆಯುತ್ತಿದ್ದಳು. “ಯಾರು ಏನಂದ್ರೋ, ಯಾರಿಗೆ ನೆನಪಿರುತ್ತೆ. ಪಂಪು ಬಡಿಯೋ ತನಕ ಅಂತ ಮಾತಾಗಿತ್ತು, ಅಷ್ಟೇ.” ಆಮೇಲೆ ತಲೆ ಎತ್ತಿದಳು. “ಮೋಟಾರು ಓಡೋದು ನಾಳೆಯಂತೆ. ಹೊರಡೋಕೆ ಮುಂಚೆ ನಾಲ್ಕು ಕೊಡ ನೀರು ಮೇಲೆ ಹಾಕಿಬಿಡೇ. ನಿನ್ನ ಸೊಂಟ ಗಟ್ಟಿಯಿದೆ.”

ಎರಡನೇ ಕೊಡ ಸುರಿದು ಇಳಿದು ಬರುವಷ್ಟರಲ್ಲಿ ಕೋಣೆಯೊಳಗೆ ಮೋಟಾರು ಕೂತಿತ್ತು. ಅವಳ ಬಟ್ಟೆಯ ಗಂಟು ಹೊಸಿಲಾಚೆ ಕೆಸರಲ್ಲಿ ಬಿದ್ದಿತ್ತು. ಅದನ್ನೆತ್ತಿ ಒಣ ಕಲ್ಲಿನ ಮೇಲಿಟ್ಟು, ಅವಳು ಮೂರನೇ ಕೊಡವನ್ನು ತೊರೆಗೆ ಅದ್ದಿದಳು.