ಚಾವಡಿಯಲ್ಲಿ ಉಳಿದ ಗಣಪ

ಹೊನ್ನಗುಡ್ಡ ವಿಶ್ವವಿದ್ಯಾಲಯದಲ್ಲಿ ಓದುವವರು ಎರಡು ಬಗೆ: ಹಾಸ್ಟೆಲಿನವರು, ಬಸ್ಸಿನವರು. ಹಾಸ್ಟೆಲಿನವರಿಗೆ ಕೋಣೆ ಇದೆ, ಮಂಚ ಇದೆ, ತಲೆನೋವು ಬಂದರೆ ಹೋಗಿ ಮಲಗಲು ಒಂದು ಮೂಲೆ ಇದೆ. ಶಿವಮೊಗ್ಗದಿಂದಲೋ ಭದ್ರಾವತಿಯಿಂದಲೋ ದಿನಾ ಬಂದು ಹೋಗುವ ಬಸ್ಸಿನವರಿಗೆ ಇದ್ದದ್ದು ಚಾವಡಿ ಒಂದೇ.

ಚಾವಡಿ ಅಂದರೆ ಹಳೇ ಮೆಸ್ಸಿನ ಕಟ್ಟಡ. ಮೆಸ್ಸು ಹೊಸ ಜಾಗಕ್ಕೆ ಹೋದ ಮೇಲೆ ಅಲ್ಲಿ ಬಾವಲಿಗಳು ಸೇರಿಕೊಂಡಿದ್ದವು. ಯಾವುದೋ ವರ್ಷದ ಬಸ್ಸಿನ ಹುಡುಗರು ಅದನ್ನು ಗುಡಿಸಿ, ಸುಣ್ಣ ಬಳಿದು, ಚಾಪೆ ಹಾಸಿ ಕೂತರು. ಯಾರೂ ಎಬ್ಬಿಸಲಿಲ್ಲ. ಅಲ್ಲಿಂದ ಈಚೆಗೆ ಅದರ ಬೀಗದ ಕೈ ವಿದ್ಯಾರ್ಥಿಗಳ ಹತ್ತಿರವೇ. ಪ್ರತಿ ಶ್ರಾವಣದಲ್ಲಿ ತಮ್ಮಲ್ಲೇ ಒಬ್ಬರನ್ನು ಆರಿಸಿ ‘ಗೌಡ’ ಎಂದು ಕರೆಯುತ್ತಾರೆ. ಹಳೇ ಗೌಡ ಮಂಡಕ್ಕಿ ತುಂಬಿದ ತಟ್ಟೆಯ ಮೇಲೆ ಬೀಗದ ಕೈ ಇಟ್ಟು ಹೊಸಬರಿಗೆ ಕೊಡಬೇಕು, ಮಂಡಕ್ಕಿಯನ್ನು ಎಲ್ಲರೂ ತಿನ್ನಬೇಕು. ಚಾವಡಿಯ ಕಾನೂನನ್ನೂ ಅವರೇ ಮಾಡಿಕೊಂಡಿದ್ದರು. ಹೊರಗಿನ ಜಗಳ ಒಳಗೆ ತರುವಂತಿಲ್ಲ. ಕೊನೆಗೆ ಎದ್ದವರು ಕಸ ಗುಡಿಸಬೇಕು. ಮೀನು ಮಾಂಸದ ಡಬ್ಬಿ ಚಾಪೆಯ ಬಾಗಿಲ ಕಡೆಗೆ, ರೊಟ್ಟಿ ಪಲ್ಯದ ಡಬ್ಬಿ ಕಿಟಕಿಯ ಕಡೆಗೆ. ಉಪ್ಪಿನಕಾಯಿ ಮಾತ್ರ ಎರಡೂ ಕಡೆ ಓಡಾಡುತ್ತಿತ್ತು.

ಈ ವರ್ಷ ಗೌಡಿಕೆ ಬಂದದ್ದು ಗಣಿತದ ಎಂ.ಎಸ್ಸಿ. ಓದುವ ಇಂಪನಾಳಿಗೆ.

“ಗೌಡ ಅಲ್ಲ ಕಣ್ರೋ, ಗೌಡ್ತಿ,” ಎಂದು ಭೀಮೇಶ ಮಂಡಕ್ಕಿ ಮುಕ್ಕುತ್ತ ಹೇಳಿದ್ದ. “ಇನ್ಮೇಲೆ ಕಸ ಗುಡಿಸದೆ ಓಡಿದ್ರೆ ಪೊರಕೆ ಬೆನ್ನಿಗೇ ಬರುತ್ತೆ.” ಭೀಮೇಶ ಅವಳ ಊರಿನವನೇ, ಒಂದೇ ಬಸ್ಸು.

ಇಂಪನಾಳಿಗೆ ಚಾವಡಿ ಬರೀ ಊಟದ ಜಾಗವಾಗಿರಲಿಲ್ಲ. ಭದ್ರಾವತಿಯ ನ್ಯೂ ಟೌನಿನ ಆಚೆ ಅವರದು ಒಂದೇ ಕೋಣೆಯ ಮನೆ. ಅಪ್ಪ ಪುಟ್ಟಯ್ಯನಿಗೆ ಕಾರ್ಖಾನೆಯಲ್ಲಿ ಕಾಂಟ್ರಾಕ್ಟಿನ ಮೇಲೆ ರಾತ್ರಿ ಪಾಳಿ. ಹಗಲೆಲ್ಲ ಕಿಟಕಿ ಮುಚ್ಚಿ ಮಲಗುತ್ತಿದ್ದ. ಅವನು ಏಳುವ ಹೊತ್ತಿಗೆ ವಠಾರದ ಟೀವಿಗಳೆಲ್ಲ ಎದ್ದಿರುತ್ತಿದ್ದವು. ಆದ್ದರಿಂದ ಅವಳು ಕ್ಲಾಸು ಮುಗಿದ ಮೇಲೂ ಚಾವಡಿಯ ಕಿಟಕಿಯ ಕೆಳಗೆ ಕೂತು, ಕೊನೇ ಬಸ್ಸಿನ ತನಕ ಲೆಕ್ಕ ಬಿಡಿಸುತ್ತಿದ್ದಳು. ಅವಳ ಓದೆಲ್ಲ ನಡೆದದ್ದು ಅಲ್ಲಿಯೇ.

ಗಣೇಶನ ಹಬ್ಬಕ್ಕೆ ಸ್ವಲ್ಪ ಮುಂಚೆ ಕುಲಸಚಿವ ರೇಣುಕಾಪ್ರಸಾದರು ಅವಳನ್ನು ಕರೆಸಿದರು. ಚಾವಡಿಯನ್ನು ಬ್ಯಾಂಕಿಗೆ ಕೊಡುವುದೆಂದು ತೀರ್ಮಾನವಾಗಿತ್ತು.

“ಹಬ್ಬ ಮಾಡ್ಕೊಳಿ, ಬೇಡ ಅನ್ನಲ್ಲ,” ಎಂದರು. “ಗಣಪನ್ನ ಬಿಟ್ಟ ಮಾರನೇ ದಿನ ಬೀಗದ ಕೈ ಆಫೀಸಿಗೆ ತಂದ್ಕೊಡಮ್ಮ.”

“ನಾವೆಲ್ಲಿ ಕೂರೋದು ಸಾರ್?”

“ಲೈಬ್ರರಿ ಇದೆಯಲ್ಲ.”

ಲೈಬ್ರರಿ ಡಬ್ಬಿಯನ್ನು ಒಳಗೆ ಬಿಡುತ್ತಿರಲಿಲ್ಲ, ಸಂಜೆಗೆ ಮೊದಲೇ ಮುಚ್ಚುತ್ತಿತ್ತು. ಆದರೆ ಅದನ್ನು ಹೇಳಿದರೆ ಕೇಳುವ ಮುಖ ಅದಲ್ಲ ಎಂದು ಇಂಪನಾಳಿಗೆ ಅನಿಸಿತು.

ಚಾವಡಿಯ ಗಣಪ ಪ್ರತಿ ವರ್ಷ ಮೂರನೇ ದಿನ ಚಾನಲ್ಲಿನ, ಅಂದರೆ ಗದ್ದೆಗಳಿಗೆ ಹೋಗುವ ಕಾಲುವೆಯ, ನೀರಿಗೆ ಹೋಗುತ್ತಿದ್ದ. ಈ ಸಲವೂ ಮೊಸರನ್ನದ ಬುತ್ತಿ ಕಟ್ಟಿಟ್ಟಿದ್ದರು, ಡೊಳ್ಳಿನವರು ಬಂದು ಹೊರಗೆ ಬೀಡಿ ಹಚ್ಚಿದ್ದರು. ಆಗ ಜ್ಞಾನೇಶ ಮಾತು ತೆಗೆದ. ಅವನು ಶಿವಮೊಗ್ಗದ ರಾಗಿಗುಡ್ಡದವನು, ಗೊಬ್ಬರದಂಗಡಿಯ ಮನೆಯ ಹುಡುಗ; ಗಣಪನನ್ನು ತರುತ್ತಿದ್ದುದು ಅವನೇ.

“ಗಣಪ ಹೋದ್ರೆ ತಾನೇ ಬೀಗದ ಕೈ ಕೊಡೋದು? ಹೋಗ್ಲಿಲ್ಲ ಅಂದ್ರೆ?”

“ಹೋಗ್ದೆ ಎಲ್ಲಿರ್ತಾನೆ ಮಾರಾಯ, ಮಣ್ಣಿನೋನು,” ಎಂದ ಭೀಮೇಶ.

“ಐದು ದಿನಕ್ಕೆ ಬಿಡೋರಿದಾರೆ, ಇಪ್ಪತ್ತೊಂದಕ್ಕೆ ಬಿಡೋರಿದಾರೆ. ನಾವು ಬಿಡೋದೇ ಇಲ್ಲ. ದೇವರು ಕೂತಿರೋ ಕಡೆ ಬ್ಯಾಂಕಿನೋರು ಕೌಂಟರ್ ಹಾಕ್ತಾರಾ? ರೇಣುಕಾಪ್ರಸಾದ್ ಸರ್ ಹಣೆ ನೋಡಿದೀಯಲ್ಲ, ವಿಭೂತಿ ಇಲ್ದೆ ಸಹಿ ಹಾಕಲ್ಲ ಅವ್ರು.”

“ಒಳ್ಳೇ ವಾಚ್‌ಮನ್ ಸಿಕ್ಕಿದ ಬಿಡು. ಸಂಬಳ ಕೇಳಲ್ಲ, ಕಡುಬು ಹಾಕಿದ್ರೆ ಸಾಕು,” ಎಂದ ಭೀಮೇಶ.

ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರೂ ಇಂಪನಾಳ ಕಡೆ ನೋಡಿದರು, ಬೀಗದ ಕೈ ಅವಳದಲ್ಲವೇ. ಅವಳು ಗಣಪನನ್ನು ನೋಡಿದಳು. ಅವನು ಬುತ್ತಿಯ ಪಕ್ಕದಲ್ಲಿ, ಹೊರಟು ನಿಂತವನ ಹಾಗೆ ಕಂಡ.

“ಇರ್ಲಿ,” ಎಂದಳು. “ಎತ್ಬೇಡಿ.”

ಡೊಳ್ಳಿನವರಿಗೆ ಚಹಾ ಕೊಟ್ಟು ಕಳಿಸಿದರು. ಬುತ್ತಿಯನ್ನು ತಾವೇ ತಿಂದರು.

ಆ ಭಾನುವಾರ ಇಂಪನಾ ದೀಪಕ್ಕೆ ಬತ್ತಿ ಬೇಕೆಂದು ಜ್ಞಾನೇಶನ ಮನೆಗೆ ಹೋದಳು. ಅವನ ಅಜ್ಜಿ ಸುಭದ್ರಮ್ಮ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಜಗಲಿಯ ಮೇಲೆ ಹತ್ತಿ ಹೊಸೆಯುತ್ತ ಕೂತಿದ್ದರು. ವಿಷಯವೆಲ್ಲ ಕೇಳಿ ಹೊಸೆಯುವ ಕೈ ನಿಲ್ಲಿಸಿದರು.

“ಗಣಪ ನೆಂಟ ಕಣವ್ವಾ. ಕರೀಬೇಕು, ಉಣ್ಣಿಸ್ಬೇಕು, ಬುತ್ತಿ ಕಟ್ಟಿ ಕಳಿಸ್ಬೇಕು. ಕಳಿಸ್ದೆ ಇಟ್ಕೊಂಡ ನೆಂಟ ಮನೆಯೋನಾಗ್ತಾನೆ. ಆಮೇಲೆ ಮನೆಯೋರೇ ನೆಂಟರಾಗ್ತಾರೆ.”

“ಪರೀಕ್ಷೆ ಮುಗಿಯೋ ತನಕ ಅಷ್ಟೇ ಅಜ್ಜಿ.”

“ದೇವರ ಹತ್ರ ಕೆಲಸ ಮಾಡಿಸ್ಕೋಬಾರ್ದು, ತಿಳೀತಾ? ಬೇಡ್ಕೋಬಹುದು.” ಹಾಗೆಂದು ಬತ್ತಿಯ ಕಟ್ಟು ಅವಳ ಕೈಗಿಟ್ಟರು. “ತಗೋ. ದೀಪಕ್ಕೆ ಇಲ್ಲ ಅನ್ನೋಕಾಗಲ್ಲ.”

ಜ್ಞಾನೇಶ ಹೇಳಿದ್ದೇ ಮೊದಲು ನಿಜವಾಯಿತು. ಬೀಗದ ಕೈ ಬರಲಿಲ್ಲವೆಂದು ರೇಣುಕಾಪ್ರಸಾದರು ಕೋಪದಲ್ಲೇ ಬಂದರು. ಬಾಗಿಲಲ್ಲಿ ನಿಂತರು. ಒಳಗೆ ದೀಪ ಉರಿಯುತ್ತಿತ್ತು, ಗರಿಕೆ ಹೊಸದಾಗಿತ್ತು. ಅವರ ಕಾಲು ತಾನಾಗಿ ಚಪ್ಪಲಿಯಿಂದ ಹೊರಗೆ ಬಂತು, ಕೈ ಜೋಡಿತು.

“ಯಾವಾಗ ಬಿಡ್ತೀರಿ?”

“ಅವನು ಹೋಗ್ತೀನಿ ಅಂದಾಗ ಸಾರ್,” ಎಂದ ಜ್ಞಾನೇಶ.

ಅವರು ಚಪ್ಪಲಿ ಮೆಟ್ಟಿಕೊಂಡು ಹಿಂತಿರುಗಿದರು. ಅಂದು ಚಾವಡಿಯಲ್ಲಿ ಮತ್ತೆ ಮಂಡಕ್ಕಿ ತರಿಸಿದರು.

ದೇವರಿದ್ದ ಕಡೆ ಜನ ಬರುವುದು ಸಹಜ. ಆಫೀಸಿನವರು ಕೆಲಸಕ್ಕೆ ಕೂರುವ ಮುಂಚೆ ಬಂದು ಕೈ ಮುಗಿದರು. ಡ್ರೈವರುಗಳು ಕಾಯಿ ಒಡೆದರು. ಯಾರೋ ಗಂಟೆ ತಂದು ಕಟ್ಟಿದರು, ಯಾರೋ ಹುಂಡಿ ಇಟ್ಟರು. ಚಪ್ಪಲಿ ಹೊರಗೆ ಬಿಡಿ ಎಂದು ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಎಲ್ಲರೂ ಬಿಟ್ಟರು, ಇಂಪನಾಳೂ ಬಿಟ್ಟಳು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಚಾಪೆಯನ್ನು ಮಾತ್ರ ಸ್ವಲ್ಪ ಹಿಂದಕ್ಕೆ ಸರಿಸಬೇಕಾಯಿತು, ಆಮೇಲೆ ಇನ್ನೂ ಸ್ವಲ್ಪ.

ಒಂದು ಮಧ್ಯಾಹ್ನ ಭೀಮೇಶ ಬಾಗಿಲ ಕಡೆಯ ತುದಿಯಲ್ಲಿ ಡಬ್ಬಿ ಬಿಚ್ಚಿದ್ದ. ಪರೀಕ್ಷಾ ವಿಭಾಗದ ಹಾಲಸ್ವಾಮಿ ಹೂ ಹಿಡಿದು ಒಳಗೆ ಬಂದವರು ಅಲ್ಲೇ ನಿಂತರು.

“ಏನಪ್ಪಾ ಅದು ವಾಸ್ನೆ?”

“ಒಣಮೀನು ಸಾರ್. ನಮ್ಮಮ್ಮನ ಕೈರುಚಿ, ಒಂದು ಚೂರು ನೋಡಿ.”

“ತಮಾಷೆ ಬೇಡ. ಹೊರಗೆ ಹೋಗಿ ತಿನ್ನು.”

“ಡಿಗ್ರಿಯಿಂದ ಇಲ್ಲೇ ತಿಂತಿದೀನಿ ಸಾರ್.”

“ಆಗ ಇಲ್ಲಿ ದೇವರಿದ್ನಾ?”

ಭೀಮೇಶ ಇಂಪನಾಳ ಕಡೆ ನೋಡಿದ. ಚಾವಡಿಯ ಕಾನೂನನ್ನು ಹೇಳಬೇಕಾದವಳು ಅವಳು. ಹಾಲಸ್ವಾಮಿಯವರ ಕೈಯಲ್ಲಿ ಹೂವಿತ್ತು, ಹಿಂದೆ ದೀಪವಿತ್ತು.

“ಇವತ್ತೊಂದಿನ ಹೊರಗೆ ತಿನ್ನೋ,” ಎಂದಳು.

ಅವನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದ. “ಸರಿ ಕಣೇ ಗೌಡ್ತಿ.”

ಮಾರನೇ ದಿನದಿಂದ ಅವನು ಚಾವಡಿಗೆ ಬರಲಿಲ್ಲ. ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದ. ಒಮ್ಮೆ ಅವಳೇ ಹೋಗಿ ಕರೆದಳು. “ಬರ್ತೀನಿ,” ಎಂದ ಅವನು ಕಿಟಕಿಯಾಚೆ ನೋಡುತ್ತ, “ನಿನ್ನ ವಾಚ್‌ಮನ್ ರಜಾ ಹಾಕ್ಲಿ.” ಆಮೇಲೆ ಇಂಪನಾ ತನ್ನ ಡಬ್ಬಿಯಲ್ಲಿ ಮೊಟ್ಟೆ ಹಾಕಬೇಡವೆಂದು ಅಮ್ಮನಿಗೆ ಹೇಳಿದಳು.

ದೀಪಾವಳಿ ಕಳೆದ ಮೇಲೆ ಮಣ್ಣಿನ ಗಣಪನ ಸೊಂಡಿಲು ಬಿರುಕು ಬಿಟ್ಟಿತು. ಇಂಪನಾಳಿಗೆ ಒಳಗೊಳಗೇ ಹಗುರವಾಯಿತು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ. ಇನ್ನು ಕಳಿಸಬಹುದು, ಬ್ಯಾಂಕಿನ ಮಾತೂ ತಣ್ಣಗಾಗಿದೆ. ಭೀಮೇಶನನ್ನು ಕೈ ಹಿಡಿದು ಎಳೆದು ತರಬಹುದು.

ಆದರೆ ರೇಣುಕಾಪ್ರಸಾದರು ಆಗಲೇ ಶಿಲ್ಪಿಗೆ ಕಲ್ಲಿನ ಮೂರ್ತಿ ಕೆತ್ತಲು ಹೇಳಿದ್ದರು. “ನೀವು ಮಕ್ಕಳು ನನ್ನ ಕಣ್ಣು ತೆರೆಸಿದ್ರಿ,” ಎಂದರು ಅವಳಿಗೆ. “ಬ್ಯಾಂಕು ಅಂತ ಹೊರಟಿದ್ದೆ ನಾನು. ಅವನೇ ಬಂದು ಹಿಡಿದ ಜಾಗ ಇದು.” ಅವರ ಕಣ್ಣಲ್ಲಿ ನೀರಿತ್ತು. ಅದರಲ್ಲಿ ಕಪಟವಿರಲಿಲ್ಲ.

ಹೋಮವಾಯಿತು. ಕಲ್ಲಿನ ಗಣಪ ಕೂತ. ಮಣ್ಣಿನವನನ್ನು ಯಾವಾಗಲೋ ಆಫೀಸಿನ ಜೀಪಿನಲ್ಲಿ ಚಾನಲ್ಲಿಗೆ ಸಾಗಿಸಿದ್ದರು. ಅರ್ಚಕರು ಬೆಳಿಗ್ಗೆ ಬೇಗ ಬರುತ್ತಾರೆಂದು ಬೀಗದ ಕೈ ಕೇಳಿದರು, ಇಂಪನಾ ಕೊಟ್ಟಳು. ಮಧ್ಯಾಹ್ನ ಬಾಗಿಲು ಹಾಕುವುದು ಪದ್ಧತಿಯಾಯಿತು. ಬಸ್ಸಿನವರು ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತು ಉಣ್ಣತೊಡಗಿದರು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಕೊನೆಗೆ ಬಸ್ಸಿನವರೆಲ್ಲ ಕೂಡಿ ಕುಲಸಚಿವರ ಬಳಿಗೆ ಹೋದರು. ಅವರು ಸಿಟ್ಟಾಗಲಿಲ್ಲ. “ಬನ್ನಿ, ಅಲ್ಲೇ ಮಾತಾಡೋಣ,” ಎಂದು ಚಾವಡಿಗೇ ಕರೆದುಕೊಂಡು ಬಂದರು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ನಿಂತರು. ಭೀಮೇಶ ಬಾಗಿಲಾಚೆಯೇ ಉಳಿದ.

“ಜಾಗ ನಿಮ್ಮದೇ,” ಎಂದರು ರೇಣುಕಾಪ್ರಸಾದರು. “ದೇವರನ್ನ ತಂದು ಕೂರಿಸಿದೋರೂ ನೀವೇ. ಈಗ ಅವನನ್ನ ಎತ್ತಿ ಅಂತ ನಿಮ್ಮ ಬಾಯಲ್ಲಿ ಹೇಳಿ. ಒಬ್ಬರು ಹೇಳಿದ್ರೂ ಸಾಕು, ನಾಳೆನೇ ಎತ್ತಿಸ್ತೀನಿ.”

ಜ್ಞಾನೇಶ ನೆಲ ನೋಡಿದ. “ಗೌಡ್ತಿ, ನೀನು ಹೇಳೇ,” ಎಂದು ಒಂದು ದನಿ ಪಿಸುಗುಟ್ಟಿತು.

ಇಂಪನಾ ಮುಂದೆ ಬಂದಳು. ಒಂದೇ ಮಾತು ಸಾಕಿತ್ತು. ಬಸ್ಸಿನಲ್ಲಿ ಬರುತ್ತ ಅದನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದಳು. ತಲೆಯೆತ್ತಿದಾಗ ಕಲ್ಲಿನ ಮುಖ ಕಂಡಿತು. ಅವನು ಏನನ್ನೂ ಕೇಳಿರಲಿಲ್ಲ. ಜಾಗ ಬೇಕೆಂದಿರಲಿಲ್ಲ, ಭೀಮೇಶನನ್ನು ಏಳೆಂದಿರಲಿಲ್ಲ. ಅವನ ಮುಂದಿನ ದೀಪ ಎಣ್ಣೆ ಸಾಲದೆ ಕುಗ್ಗುತ್ತಿತ್ತು. ದೀಪ ಆರುವುದನ್ನು ನೋಡುತ್ತ ನಿಲ್ಲುವ ಅಭ್ಯಾಸ ಅವಳ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಅವಳ ಕೈ ಎಣ್ಣೆಯ ಶೀಶೆಗೆ ಹೋಯಿತು. ಎಣ್ಣೆ ಹಾಕಿ, ಬತ್ತಿಯನ್ನು ಮೇಲಕ್ಕೆ ನೂಕಿ, ಕೈ ಮುಗಿದಳು.

ರೇಣುಕಾಪ್ರಸಾದರೂ ಕೈ ಮುಗಿದರು. ಅಲ್ಲಿಗೆ ಮಾತು ಮುಗಿಯಿತು. ಅವಳು ಹೊರಗೆ ಬಂದಾಗ ಭೀಮೇಶ ಮೆಟ್ಟಿಲ ಬಳಿ ಇರಲಿಲ್ಲ.

ಅವತ್ತು ಅವಳು ಮಧ್ಯಾಹ್ನದ ಬಸ್ಸಿಗೇ ಭದ್ರಾವತಿಗೆ ಹೋದಳು. ಅಮ್ಮ ಕರಿಬಸಮ್ಮ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಒಳಗೆ ಕತ್ತಲೆಯಲ್ಲಿ ಪುಟ್ಟಯ್ಯನ ಗೊರಕೆ ಕೇಳುತ್ತಿತ್ತು.

“ಯಾಕೇ ಇಷ್ಟು ಬೇಗ? ಅದೇನೋ ಚಾವಡೀಲಿ ಓದ್ಕೊತಿದ್ದೆಯಲ್ಲ?”

“ಈಗ ಅಲ್ಲಿ ದೇವಸ್ಥಾನ ಆಗಿದೆಯಮ್ಮ. ಗಣಪಂದು.”

ಕರಿಬಸಮ್ಮ ಮೊರ ಕೆಳಗಿಟ್ಟು ಕೆನ್ನೆ ಮುಟ್ಟಿಕೊಂಡಳು. “ಒಳ್ಳೇದೇ ಆಯ್ತಲ್ಲ ಮಗಳೇ. ಪರೀಕ್ಷೆ ಟೈಮು. ದಿನಾ ಕೈ ಮುಗಿದು ಬಾ.”

“ಹೂಂ,” ಎಂದು ಇಂಪನಾ ಅಮ್ಮನ ಪಕ್ಕದಲ್ಲಿ, ಬೀದಿಯ ಕಡೆ ಮುಖ ಮಾಡಿ ಕೂತಳು. ಚೀಲದಿಂದ ಪುಸ್ತಕ ತೆಗೆದಳು. ಬಿಸಿಲು ಹಾಳೆಯ ಮೇಲೆ ನೇರವಾಗಿ ಬಿದ್ದು ಅಕ್ಷರಗಳೇ ಕಾಣದಂತಾಯಿತು. ಅವಳು ಅದನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಅಕ್ಕಿಯಲ್ಲಿನ ಕಲ್ಲು ಆರಿಸತೊಡಗಿದಳು.